ಆಯಿಲ್ ಕೊಡುವ ಗಾಡಿ

ಇದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಬೇಕಾದರೆ ನನ್ನ ಹತ್ತರ ಸ್ಪ್ಯಾನರ್ ಮುಟ್ಟಿ ಆಣೆ ಮಾಡುತ್ತೇನೆ. ಸದ್ಯಕ್ಕೆ ಅದು ಸಿಗುತ್ತಿಲ್ಲ. ಬೇಕಾದಾಗ ಅದು ಯಾವ ಗ್ಯಾರೇಜಿನಲ್ಲೂ ಸಿಗುವುದಿಲ್ಲ. ಸಿಕ್ಕ ಗಳಿಗೆಯಲ್ಲೇ ಮುಟ್ಟುತ್ತೇನೆ, ಅಲ್ಲಿಯವರೆಗೆ ಸುಮ್ಮನೆ ನಂಬಿ.

ನನ್ನ ಅಕ್ಕನ ಗಂಡ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವರು. ಮೂವತ್ತಾರು ವರ್ಷ ಅಂಗಡಿ ಅಂಗಡಿ ಸುತ್ತಿ ತಕ್ಕಡಿ ಬಗ್ಗಿ ನೋಡಿದವರು, ಬಟ್ಟೆಯಂಗಡಿಯ ಮೀಟರ್ ಕೋಲನ್ನೇ ಅಳೆದವರು. ನಾನು ಭಾವ ಎಂದು ಕೂಗುವುದನ್ನು ಕೇಳಿ ಕೇಳಿ ಬೀದಿಯವರೆಲ್ಲ ಅವರನ್ನು ಅಳತೆ ಭಾವ ಎನ್ನತೊಡಗಿದರು. ನಿವೃತ್ತರಾದ ವರ್ಷ ಒಂದು ಕಾರು ಕೊಂಡರು. ಟರ್ಬೊ ಡೀಸೆಲ್. ಅದರ ಬಣ್ಣ ಯಾವುದೆಂದು ಕೇಳಿದರೆ ಭಾವ ಕಿಟಕಿಯಿಂದ ಬಗ್ಗಿ ನೋಡಿ ಬಂದು ಹೇಳುತ್ತಾರೆ. ಇಂಜಿನ್ ವಿವರ ಮಾತ್ರ ಕೇಳಬೇಕಾಗಿಯೇ ಇಲ್ಲ.

"ನಾಲ್ಕು ಸಿಲಿಂಡರು, ಹದಿನಾರು ವಾಲ್ವು, ಸಾವಿರದ ಒಂಬೈನೂರ ಎಂಬತ್ನಾಲ್ಕು ಸಿ.ಸಿ. ನೂರಾ ನಲವತ್ತೆಂಟು ಕುದುರೆ. ಟಾರ್ಕು ಮುನ್ನೂರೈವತ್ತು, ಅದೂ ಸಾವಿರದ ಏಳ್ನೂರೈವತ್ತು ಸುತ್ತಿಗೇ ಶುರು!"

ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೇ ಇಷ್ಟನ್ನೂ ಪೂರ್ತಿ ಹೇಳಿದ್ದಾರೆ. ಡಾಕ್ಟರು ಡ್ರಿಲ್ ನಿಲ್ಲಿಸಿ, ಟಾರ್ಕ್ ಎಷ್ಟಂದ್ರಿ ಎಂದು ಇನ್ನೊಮ್ಮೆ ಕೇಳಿದರಂತೆ.

ಇಂಥ ನೂರಾ ನಲವತ್ತೆಂಟು ಕುದುರೆಗಳನ್ನು ಕಟ್ಟಿಕೊಂಡು ಭಾವ ಹೋಗುತ್ತಿದ್ದದ್ದು ಪೇಪರ್ ಅಂಗಡಿಗೆ. ಏಳುನೂರ ಹನ್ನೆರಡು ಮೀಟರ್, ಟೇಪು ಹಿಡಿದು ಅಳೆದದ್ದು. ಹೋಗುವುದು, ಪೇಪರ್ ಕೊಳ್ಳುವುದು, ಬರುವುದು. ಆರು ಗೇರುಗಳಲ್ಲಿ ಮೂರರಿಂದ ಮೇಲಕ್ಕೆ ಯಾವತ್ತೂ ಹಾಕಿದವರಲ್ಲ. ಮೇಲಿನ ಮೂರು ಗೇರು ಇನ್ನೂ ಪೆಟ್ಟಿಗೆಯಲ್ಲಿ ಇಟ್ಟ ಹಾಗೇ ಹೊಸದಾಗಿವೆ ಎಂಬುದು ಅವರ ಹೆಮ್ಮೆ. ಒಮ್ಮೆ ಮಳೆಗಾಲದಲ್ಲಿ ಒಂದು ಬಸವನಹುಳು ಗಾಡಿಯ ಹಿಂದಿನ ಬಂಪರಿನಿಂದ ಹತ್ತಿ, ಟಾಪಿನ ಮೇಲೆ ನಡೆದು, ಮುಂದಿನ ಬಂಪರಿನಿಂದ ಇಳಿದು, ಭಾವನಿಗಿಂತ ಮೊದಲು ಪೇಪರ್ ಅಂಗಡಿ ತಲುಪಿತು. ಅಂಗಡಿಯವನನ್ನೇ ಕೇಳಿ.

ಡೀಸೆಲ್ ಇಂಜಿನ್ನಿಗೆ ಇಂಥ ಮುದ್ದು ಆಗಿಬರುವುದಿಲ್ಲ. ಹೊಗೆಯ ಮಸಿ ಹೊರಗೆ ಹೋಗಬಾರದೆಂದು ಸೈಲೆನ್ಸರಿನ ದಾರಿಯಲ್ಲಿ ಒಂದು ಫಿಲ್ಟರ್ ಇರುತ್ತದೆ. ಅದು ತುಂಬುತ್ತ ಬಂದಾಗ ಇಂಜಿನ್ ತಾನಾಗಿಯೇ ಒಂದಿಷ್ಟು ಹೆಚ್ಚು ಡೀಸೆಲ್ ಚಿಮುಕಿಸಿ, ಆರುನೂರು ಡಿಗ್ರಿಯಷ್ಟು ಬಿಸಿ ಎಬ್ಬಿಸಿ, ಮಸಿಯನ್ನು ಸುಟ್ಟು ಬೂದಿ ಮಾಡಿಕೊಳ್ಳುತ್ತದೆ. ಅದಕ್ಕೆ ಗಾಡಿ ಇಪ್ಪತ್ತು ನಿಮಿಷವಾದರೂ ಒಂದೇ ಸಮ ಓಡಬೇಕು. ಭಾವನ ಗಾಡಿ ಮೂರನೆಯ ನಿಮಿಷಕ್ಕೆ ಪೇಪರ್ ಅಂಗಡಿಯ ಮುಂದೆ ನಿಂತುಬಿಡುತ್ತಿತ್ತು. ಒಲೆ ಹಚ್ಚಿ, ಪಾತ್ರೆಯ ತಳ ಬೆಚ್ಚಗಾಗುವ ಮೊದಲೇ ಆರಿಸಿದ ಹಾಗೆ, ದಿನಕ್ಕೆ ಎರಡು ಸಲ, ಆರು ವರ್ಷ. ಸುಡಲೆಂದು ಚಿಮುಕಿಸಿದ ಡೀಸೆಲ್ ಸುಡದೆ ಜಾರಿ ಇಳಿದು ಕೆಳಗಿನ ಆಯಿಲಿಗೆ ಸೇರಿಕೊಂಡಿತು. ಆಯಿಲಿನ ಮಟ್ಟ ಏರತೊಡಗಿತು. ಅಳತೆ ಕಡ್ಡಿ ಎತ್ತಿ ನೋಡಿದ ಭಾವ, ಅದನ್ನು ಕೈಯಲ್ಲಿ ಹಿಡಿದುಕೊಂಡೇ ನನ್ನ ಗ್ಯಾರೇಜಿಗೆ ಓಡಿಬಂದರು. ಹೆದರಿ ಅಲ್ಲ, ಖುಷಿಯಾಗಿ.

"ಲೋ, ಊರವರ ಗಾಡಿ ಎಲ್ಲಾ ಆಯಿಲ್ ಕುಡಿಯುತ್ತೆ. ನಂದು ಆಯಿಲ್ ಕೊಡುತ್ತೆ ಕಣೋ!"

"ಭಾವ, ಅದು ಆಯಿಲ್ ಅಲ್ಲ, ಕಾಯಿಲೆ. ಒಂದು ಸಲ ಹೆದ್ದಾರಿಗೆ ತಗೊಂಡು ಹೋಗಿ ಅರ್ಧ ಗಂಟೆ ಜೋರಾಗಿ ಓಡಿಸಿ ಬನ್ನಿ. ಬಂದ್ಮೇಲೆ ಆಯಿಲ್ ಬದಲಾಯಿಸ್ತೀನಿ. ಎಲ್ಲಾ ಸರಿಹೋಗುತ್ತೆ."

"ಅರ್ಧ ಗಂಟೆ ಜೋರಾಗಿ?" ಭಾವ ನನ್ನನ್ನು ಕಟುಕನನ್ನು ನೋಡುವಂತೆ ನೋಡಿದರು. "ನಿನ್ನನ್ನ ಯಾರಾದ್ರೂ ಅರ್ಧ ಗಂಟೆ ಹಾಗೆ ಓಡಿಸಿದ್ರೆ ನೀನು ಸುಮ್ನಿರ್ತೀಯಾ?"

ಹೋಗಲಿಲ್ಲ. ಹೋದ ತಿಂಗಳು ಆಗಬೇಕಾದದ್ದು ಆಯಿತು. ತರಕಾರಿ ಚೀಲದೊಂದಿಗೆ ಅಕ್ಕ ಪಕ್ಕದಲ್ಲಿ ಕೂತಿದ್ದಾಗ, ನಾಲ್ಕು ರಸ್ತೆ ಸೇರುವ ವೃತ್ತದ ನಡುವೆ ಗಾಡಿಯ ಮುಂದಿನ ಫಲಕದಲ್ಲಿ ಇರುವ ದೀಪಗಳೆಲ್ಲ ಹತ್ತಿಕೊಂಡವು. ಇಂಜಿನ್ ಕೈಚೆಲ್ಲಿತು. ಪೂರ್ತಿ ನಿಲ್ಲಲಿಲ್ಲ. ತನ್ನ ಜೀವ ಉಳಿಸಿಕೊಳ್ಳಲು ಶಕ್ತಿಯನ್ನೆಲ್ಲ ಬಿಗಿಹಿಡಿದು, ಕುಂಟುತ್ತಾ ತೆವಳತೊಡಗಿತು. ಅಕ್ಕ ಇಳಿದಳು. ಚೀಲ ಹಿಡಿದು ನಡೆದು ಮನೆ ಸೇರಿದಳು, ಬದನೆಕಾಯಿ ಹೆಚ್ಚಿದಳು, ಬೇಯಿಸಿದಳು, ಊಟ ಮಾಡಿದಳು, ಪಾತ್ರೆ ತೊಳೆದಳು. ಆಮೇಲೆ ಗಾಡಿ ಗೇಟಿನೊಳಗೆ ಬಂತು.

"ಇದನ್ನ ಮಾರ್ತೀನಿ," ಅಂದಳು ಅಕ್ಕ. ನಮ್ಮ ಮನೆಯಲ್ಲಿ ಅಕ್ಕ ಒಂದು ಮಾತು ಅಂದರೆ ಅದರ ಮೇಲೆ ಮೇಲ್ಮನವಿ ಇಲ್ಲ. ಪೇಪರಿನಲ್ಲಿ ಜಾಹೀರಾತು ಬಂತು. ನೋಡಲು ಬಂದ ಮೂವರು ಟೀ ಕುಡಿದು ಹೋದರು. ನಾಲ್ಕನೆಯವರು ಶನಿವಾರ ಹತ್ತಕ್ಕೆ ಬರುತ್ತೇನೆಂದು ಫೋನ್ ಮಾಡಿದರು. ಅಕ್ಕನಿಗೆ ಬಂದವರಿಗೆಲ್ಲ ಟೀ ಕಾಯಿಸಿ ಸಾಕಾಗಿತ್ತು.

"ಇವರೇ ಕೊನೆ. ಇವರು ತಗೊಂಡ್ರೆ ಸರಿ. ಇಲ್ದಿದ್ರೆ ನಾನು ಇದರ ತಂಟೆಗೇ ಬರಲ್ಲ, ಗಾಡಿ ಶೆಡ್ಡಲ್ಲೇ ಬಿದ್ದಿರ್ಲಿ," ಎಂದು ಘೋಷಿಸಿದಳು.

ಶನಿವಾರ ಎಂಟು ಗಂಟೆಗೇ ಭಾವ ಗ್ಯಾರೇಜಿಗೆ ಬಂದರು. ನಡೆದುಕೊಂಡು. ಅವರು ನಡೆದು ಬಂದದ್ದನ್ನು ನೋಡಿಯೇ ನನ್ನ ಎದೆ ಧಸಕ್ಕೆಂದಿತು.

"ಏನಾದ್ರೂ ಮಾಡಿ ಇದನ್ನ ತಪ್ಪಿಸೋ," ಅಂದರು.

"ಭಾವ, ಅದು ಓಡೋದೇ ಇಲ್ವಲ್ಲ. ಇಟ್ಕೊಂಡು ಏನ್ಮಾಡ್ತೀರಾ?"

ಅವರು ಹಳೇ ಟೈರಿನ ಮೇಲೆ ಕೂತರು. "ಮನೇಲಿ ನಂದು ಅಂತ ಒಂದು ಕುರ್ಚಿ ಇದೆ. ಅದರ ಮೇಲೆ ನಿಮ್ಮಕ್ಕ ಒಗೆದ ಬಟ್ಟೆ ಹಾಕಿರ್ತಾಳೆ. ಮಂಚದ ಮೇಲೆ ಹಗಲು ಮಲಗಿದ್ರೆ ಮೈ ಹುಷಾರಿಲ್ವಾ ಅಂತಾಳೆ. ಜಗಲಿ ಮೇಲೆ ಕೂತ್ರೆ ದಾರಿಗಡ್ಡ ಅಂತಾಳೆ. ಶೆಡ್ಡಿಗೆ ಹೋಗಿ ಗಾಡಿ ಒಳಗೆ ಕೂತು, ಬಾಗಿಲು ಹಾಕ್ಕೊಂಡು ಪೇಪರ್ ಓದ್ತೀನಲ್ಲ, ಅದೊಂದೇ ಕಣೋ ನನ್ನ ಜಾಗ. ಅದೂ ಹೋದ್ರೆ ನಾನು ಎಲ್ಲಿ ಕೂತ್ಕೊಳ್ಲಿ?"

ನನಗೆ ಮಾತು ಬರಲಿಲ್ಲ. ಕೈ ಒರೆಸಿಕೊಂಡು ಎದ್ದೆ.

"ಆದ್ರೆ ನಿಮ್ಮಕ್ಕಂಗೆ ಗೊತ್ತಾಗಬಾರ್ದು," ಅಂದರು ಭಾವ.

"ಗೊತ್ತಾದ್ರೆ ಮೊದಲು ಹೋಗೋದು ನನ್ನ ಚರ್ಮ," ಅಂದೆ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅಕ್ಕ. ನನಗೆ ಈಗ ನಲವತ್ತೆಂಟು. ಅವಳು ಕಣ್ಣು ಕೆಂಪಗೆ ಮಾಡಿದರೆ ಇವತ್ತಿಗೂ ನನ್ನ ಕಿವಿ ತಾನೇ ಬಿಸಿಯಾಗುತ್ತದೆ.

ಹತ್ತಕ್ಕೆ ಸರಿಯಾಗಿ ಬಂದವರು ಕನ್ನಡಕದಂಗಡಿಯವರು. ತೆಳ್ಳಗೆ, ನೆಟ್ಟಗೆ, ಜೇಬಿನಲ್ಲೊಂದು ಪೆನ್ನಿನಷ್ಟು ಸಣ್ಣ ಟಾರ್ಚು. ಶೆಡ್ಡಿನೊಳಗೆ ಬಂದವರೇ ಗಾಡಿಯ ಹೆಡ್‌ಲೈಟಿಗೆ ಟಾರ್ಚು ಬಿಟ್ಟು, ಮೊದಲು ಎಡಗಣ್ಣು, ಆಮೇಲೆ ಬಲಗಣ್ಣು ಪರೀಕ್ಷೆ ಮಾಡಿದರು. ಅಕ್ಕ ಒಳಗೆ ಟೀಗೆ ನೀರಿಟ್ಟಿದ್ದಳು. ಅವಳು ಬರುವುದರೊಳಗೆ ಕೆಲಸ ಮುಗಿಸಬೇಕೆಂದು ನಾನು ಬಾನೆಟ್ ಎತ್ತಿದೆ.

"ಸಾರ್, ನಾನು ಮೆಕ್ಯಾನಿಕ್ಕು. ಮನೆಯವನೇ ಆದ್ರೂ ನಿಮ್ಮ ಹತ್ರ ಮುಚ್ಚಿಡಲ್ಲ. ಮಸಿ ಫಿಲ್ಟರ್ ಗಂಟಲು ತನಕ ತುಂಬಿದೆ."

"ಹೌದಾ?" ಅವರು ಟಾರ್ಚು ನನ್ನ ಮುಖಕ್ಕೆ ಬಿಟ್ಟರು.

"ಇಲ್ಲಿ ನೋಡಿ, ಇಜಿಆರ್ ವಾಲ್ವು. ಸುಟ್ಟ ಹೊಗೇಲಿ ಸ್ವಲ್ಪ ವಾಪಸ್ ಇಂಜಿನ್‌ಗೇ ಕಳಿಸೋದು ಇದರ ಕೆಲಸ. ಮಸಿ ಕಟ್ಕೊಂಡು ಅರ್ಧ ತೆರೆದ ಬಾಗಿಲ ಹಾಗೆ ನಿಂತಿದೆ. ಮುಚ್ಚೋದೂ ಇಲ್ಲ, ತೆರೆಯೋದೂ ಇಲ್ಲ. ಟರ್ಬೊ ಒಳಗೆ ಸಣ್ಣ ಸಣ್ಣ ರೆಕ್ಕೆ ಇರ್ತವೆ, ಅವೂ ಅಂಟ್ಕೊಂಡಿವೆ. ಇಂಜೆಕ್ಟರು ನಾಲ್ಕರಲ್ಲಿ ಒಂದು ಸೋರ್ತಾ ಇದೆ. ಹತ್ತಿಪ್ಪತ್ತು ದಿನ ಬಿಟ್ರೆ ಕ್ಲಚ್ಚಿನ ಹಿಂದಿರೋ ಫ್ಲೈವೀಲ್ ಕೂಡ ಡಬ್ಬದೊಳಗೆ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಸದ್ದು ಮಾಡುತ್ತೆ."

"ಟೈಮಿಂಗ್ ಬೆಲ್ಟು?"

"ಬದಲಾಯಿಸೇ ಇಲ್ಲ. ಅದು ಹರಿದ್ರೆ ಪಿಸ್ಟನ್ನು ವಾಲ್ವು ಒಂದಕ್ಕೊಂದು ಹೊಡೆದಾಡ್ಕೊಂಡು ಇಂಜಿನ್ನೇ ಹೋಗುತ್ತೆ. ಶಕ್ತಿ ಅಂತೂ ಕೇಳ್ಬೇಡಿ. ಟಾರ್ಕು ಈಗ ಹೆಚ್ಚೆಂದ್ರೆ ಇನ್ನೂರು ಇರಬಹುದು."

"ಮುನ್ನೂರೈವತ್ತು!" ಮೂಲೆಯಿಂದ ಭಾವ ಗುಡುಗಿದರು. "ಸಾವಿರದ ಏಳ್ನೂರೈವತ್ತು ಸುತ್ತಿಗೇ!"

ನಾನು ಕಣ್ಣಲ್ಲೇ ಬೇಡಿಕೊಂಡೆ. ಭಾವ ತುಟಿ ಕಚ್ಚಿಕೊಂಡರು. ಅವರ ಗಾಡಿಯ ಮಾನ ಕಳೆಯಲು ಅವರೇ ನನ್ನನ್ನು ಕರೆದದ್ದು ನಿಜ, ಆದರೆ ಅಂಕಿ ತಪ್ಪು ಹೇಳಿದರೆ ತಡೆದುಕೊಳ್ಳುವ ಜೀವ ಅದಲ್ಲ.

ಕನ್ನಡಕದಂಗಡಿಯವರು ಅಳತೆ ಕಡ್ಡಿ ಎತ್ತಿ ನೋಡಿದರು. "ಆಯಿಲ್ ಗುರುತಿಗಿಂತ ಮೇಲಿದೆಯಲ್ಲ?"

"ಡೀಸೆಲ್ ಸೇರ್ಕೊಂಡಿದೆ ಸಾರ್. ಆಯಿಲ್ ತೆಳ್ಳಗಾಗಿದೆ. ಬೇರಿಂಗು ಸವೆಯುತ್ತೆ. ಇಂಥ ಗಾಡಿ ತಗೋಬೇಡಿ, ನಾನು ಹೇಳ್ತಿದ್ದೀನಲ್ಲ."

ಅವರು ಟಾರ್ಚು ಆರಿಸಿದರು. ಜೇಬಿಗೆ ಹಾಕಿಕೊಂಡರು. ಆಮೇಲೆ ನನ್ನ ಎರಡೂ ಕೈ ಹಿಡಿದುಕೊಂಡುಬಿಟ್ಟರು.

"ಏಳು ತಿಂಗಳಿಂದ ಗಾಡಿ ಹುಡುಕ್ತಿದ್ದೀನಿ. ಇಂಥ ಮನುಷ್ಯ ಸಿಕ್ಕಿರ್ಲಿಲ್ಲ ನೋಡಿ! ಹೋದಲ್ಲೆಲ್ಲಾ ಬರೀ ಹೊಗಳಿಕೆ. ಹೊಗಳೋದು ಅಂದ್ರೆ ಏನು ಅಂತ ನನಗೆ ಗೊತ್ತಿಲ್ವಾ? ಇಪ್ಪತ್ತು ವರ್ಷದಿಂದ ಅದೇ ನನ್ನ ಕಸುಬು. ಖರ್ಚಾಗದೆ ಕೂತಿರೋ ಫ್ರೇಮನ್ನೇ ನಾನು ಜಾಸ್ತಿ ಹೊಗಳೋದು. ಸಾರ್, ನಿಮ್ಮ ಮೂಗಿಗೇ ಮಾಡಿಸಿದ ಹಾಗಿದೆ ಅಂತೀನಿ. ಒಳ್ಳೇ ಫ್ರೇಮಿಗೆ ಮಾತೇ ಬೇಡ, ತಾನಾಗಿ ಹೋಗುತ್ತೆ. ನೀವು ಇಷ್ಟು ದೋಷ ಬಾಯಿಬಿಟ್ಟು ಹೇಳ್ತಿದ್ದೀರಾ ಅಂದ್ರೆ ಒಳಗೆ ಮುಚ್ಚಿಟ್ಟಿದ್ದು ಏನೂ ಇಲ್ಲ ಅಂತ ಅರ್ಥ. ಫಿಲ್ಟರು ವಾಲ್ವು ಎಲ್ಲಾ ನಾನೇ ಸರಿಮಾಡಿಸ್ಕೊಳ್ತೀನಿ, ನಿಮ್ಮ ಕೈಯಲ್ಲೇ. ನನಗೆ ಈ ಗಾಡಿ ಬೇಕು."

ಭಾವ ಗೋಡೆಗೆ ಒರಗಿದರು. ಮುಖದಲ್ಲಿ ರಕ್ತವೇ ಇರಲಿಲ್ಲ. ನಾನು ಇನ್ನಷ್ಟು ದೋಷ ಹುಡುಕಿದೆ. ಗ್ಲೋ ಪ್ಲಗ್ ಅಂದೆ, ನೀರಿನ ಪಂಪು ಅಂದೆ. ಒಂದೊಂದಕ್ಕೂ ಅವರ ಮುಖ ಅರಳುತ್ತಾ ಹೋಯಿತು. ನೀರಿನ ಪಂಪಿಗೆ ಬರುವಷ್ಟರಲ್ಲಿ, ನಿಮ್ಮಂಥವರು ನಮ್ಮ ಮನೆಗೆ ಒಂದು ದಿನ ಊಟಕ್ಕೆ ಬರ್ಬೇಕು, ಅಂದರು.

ಅಷ್ಟರಲ್ಲಿ ಮೆಟ್ಟಿಲಿನ ಮೇಲೆ ಚಪ್ಪಲಿ ಸದ್ದು. ಟ್ರೇ ಹಿಡಿದು ಅಕ್ಕ ಬಂದಳು.

"ಏನೋ ಅದು, ಪಂಪು ಅಂತಿದ್ದೆ?"

ನನ್ನ ಎಡಗಿವಿ ಬಿಸಿಯಾಯಿತು. ಸತ್ಯವಾಗಿ ಹೇಳುತ್ತೇನೆ, ಆಮೇಲೆ ನಾನು ಮಾಡಿದ್ದು ಉಪಾಯವಲ್ಲ, ಬರೀ ಭಯ.

"ಪಂಪು ಚಿನ್ನದಂಥಾದ್ದು ಅಂತಿದ್ದೆ ಅಕ್ಕಾ," ಅಂದೆ. "ನೀರಿನ ಪಂಪು ಇಷ್ಟು ಗಟ್ಟಿ ಇರೋ ಗಾಡಿ ನಾನು ನೋಡೇ ಇಲ್ಲ."

ಕನ್ನಡಕದಂಗಡಿಯವರು ಲೋಟ ತೆಗೆದುಕೊಳ್ಳಲು ಚಾಚಿದ ಕೈ ಅಲ್ಲೇ ನಿಂತಿತು. "ಈಗ ತಾನೇ ಸೋರುತ್ತೆ ಅಂದ್ರಿ?"

"ಸೋರೋದಾ? ಈ ಇಂಜಿನ್‌ನಿಂದ ಹೊರಗೆ ಹೋಗೋಕೆ ನೀರಿಗೇ ಮನಸ್ಸು ಬರಲ್ಲ ಸಾರ್."

ಅಕ್ಕ ಮೆಚ್ಚಿ ತಲೆದೂಗಿದಳು. "ಇವನು ನನ್ನ ತಮ್ಮ ಅಂತ ಹೇಳ್ತಿಲ್ಲ, ಕೆಲಸ ಬಲ್ಲವನು. ಹೇಳೋ, ಎಲ್ಲಾ ಹೇಳು."

ಕನ್ನಡಕದಂಗಡಿಯವರ ಹುಬ್ಬು ಗಂಟಿಕ್ಕಿತು. ಜೇಬಿನ ಟಾರ್ಚು ಮತ್ತೆ ಹೊರಗೆ ಬಂತು. ಆಗ ನನಗೆ ಹೊಳೆಯಿತು. ದೋಷ ಹೇಳಿದರೆ ಹತ್ತಿರ ಬರುವ ಮನುಷ್ಯ ಹೊಗಳಿದರೆ ಎತ್ತ ಹೋದಾನು? ಹೊಗಳಿದರೆ ಅಕ್ಕ ನನ್ನನ್ನು ಏನೂ ಅನ್ನುವ ಹಾಗೂ ಇಲ್ಲ. ಮೂವತ್ತು ವರ್ಷದ ಕಸುಬಿನಲ್ಲಿ ಇಷ್ಟು ಹಗುರವಾಗಿ ನಾನು ಯಾವತ್ತೂ ಉಸಿರು ಬಿಟ್ಟದ್ದಿಲ್ಲ.

"ಫಿಲ್ಟರು ನೋಡಿ ಸಾರ್. ಅದರಿಂದ ಬರೋ ಹೊಗೆ ಎಷ್ಟು ಶುದ್ಧ ಅಂದ್ರೆ, ಹಿಂದಿನ ಬೀದಿಯ ಒಬ್ಬ ಅಜ್ಜ ಕೆಮ್ಮು ಬಂದಾಗಲೆಲ್ಲಾ ಸೈಲೆನ್ಸರ್ ಹತ್ರ ಬಂದು ಕೂತ್ಕೊಂಡು ಹೋಗ್ತಿದ್ರು."

"ಯಾರು ಅಜ್ಜ?"

"ಈಗ ಗುಣವಾಗಿದೆ, ಬರಲ್ಲ."

"ಮೈಲೇಜೂ ಹೇಳು," ಅಂದಳು ಅಕ್ಕ. ಅವಳು ಮಾರಲು ಟೊಂಕ ಕಟ್ಟಿ ನಿಂತಿದ್ದಳು, ಪಾಪ. ನಾನು ಬಾಯಿ ತೆರೆಯುವ ಮೊದಲೇ ತಾನೇ ಶುರುಮಾಡಿದಳು. "ಡೀಸೆಲ್ ಹಾಕಿಸಿದ್ದು ನನಗೆ ನೆನಪೇ ಇಲ್ಲ. ನಮ್ಮ ಮನೆಯವರು ದಿನಾ ಓಡಿಸ್ತಾರೆ, ಆದ್ರೂ ಮುಳ್ಳು ಕೆಳಗೇ ಇಳಿಯಲ್ಲ. ಸದ್ದೂ ಇಲ್ಲ. ಗಾಡಿ ಬಂತಾ ಹೋಯ್ತಾ ಅಂತ ಗೊತ್ತೇ ಆಗಲ್ಲ."

ಇದು ಪೂರ್ತಿ ನಿಜವೇ. ಏಳುನೂರ ಹನ್ನೆರಡು ಮೀಟರಿಗೆ ಎಷ್ಟು ಡೀಸೆಲ್ ಬೇಕು? ಆದರೆ ಅಕ್ಕನ ಬಾಯಲ್ಲಿ ಆ ನಿಜ ಕೇಳಿ ಕನ್ನಡಕದಂಗಡಿಯವರು ಒಂದು ಹೆಜ್ಜೆ ಹಿಂದೆ ಸರಿದರು.

"ಹಾಗಾದ್ರೆ ಯಾಕಮ್ಮಾ ಮಾರ್ತಿದ್ದೀರಾ?"

"ಇಷ್ಟು ಒಳ್ಳೇ ಗಾಡಿ ನಮ್ಮಂಥೋರಿಗೆ ಯಾಕೆ ಅಂತ," ಅಂದಳು ಅಕ್ಕ.

ಅಷ್ಟು ಹೊತ್ತಿಗೆ ಭಾವನಿಗೂ ಬಿಸಿ ಏರಿತ್ತು. ತಪ್ಪಿಸಬೇಕೆಂಬ ಯೋಚನೆ ಅವರಿಗೆ ಮರೆತೇಹೋಗಿತ್ತೋ ಏನೋ. ಆರು ವರ್ಷದಿಂದ ತಾವೊಬ್ಬರೇ ಹೇಳುತ್ತಿದ್ದದ್ದನ್ನು ಈಗ ಹೆಂಡತಿಯೂ ಭಾವಮೈದನೂ ಹಾಡುತ್ತಿದ್ದಾರೆ. ಅವರ ಕಣ್ಣಲ್ಲಿ ನೀರಿತ್ತು. ಗೋಡೆ ಬಿಟ್ಟು ಮುಂದೆ ಬಂದರು.

"ಟರ್ಬೊ ಎಷ್ಟು ವೇಗ ಸುತ್ತುತ್ತೆ ಗೊತ್ತಾ ನಿಮಗೆ? ನಿಮಿಷಕ್ಕೆ ಎರಡು ಲಕ್ಷ ಸುತ್ತು!"

ಇದು ಪುಸ್ತಕದಲ್ಲೇ ಇರುವ ಮಾತು. ಅಷ್ಟು ಸಣ್ಣ ಟರ್ಬೊ ಅಷ್ಟು ಸುತ್ತುತ್ತದೆ. ಅಂದು ಆ ಶೆಡ್ಡಿನಲ್ಲಿ ಯಾರಾದರೂ ಹೇಳಿದ ಅತ್ಯಂತ ಕಟ್ಟುನಿಟ್ಟಿನ ಸತ್ಯ ಅದೇ. ಕನ್ನಡಕದಂಗಡಿಯವರು ಅದನ್ನು ಕೇಳಿ ಲೋಟವನ್ನು ಟ್ರೇಗೆ ವಾಪಸ್ಸಿಟ್ಟರು.

"ಎರಡು ಲಕ್ಷ," ಅಂದರು ಮೆಲ್ಲಗೆ.

"ನಿಮಿಷಕ್ಕೆ!" ಅಂದರು ಭಾವ. "ಡೀಸೆಲ್ ಪೈಪಿನೊಳಗೆ ಒತ್ತಡ ಎಷ್ಟು? ಸಾವಿರದ ಎಂಟ್ನೂರು ಬಾರ್. ನಿಮ್ಮ ಗಾಡಿ ಟೈರಲ್ಲಿ ಎರಡು ಚಿಲ್ಲರೆ ಇರುತ್ತೆ ಅಷ್ಟೇ!"

"ಕೇಳಿದ್ರಾ?" ಅಂದಳು ಅಕ್ಕ, ಏನೂ ಅರ್ಥವಾಗದೆ, ಆದರೆ ಗಂಡನನ್ನು ಬಹಳ ದಿನಗಳ ನಂತರ ಹೆಮ್ಮೆಯಿಂದ ನೋಡುತ್ತಾ. "ಇವರು ಒಂದು ಗ್ರಾಮ್ ಹೆಚ್ಚುಕಮ್ಮಿ ಹೇಳೋರಲ್ಲ. ಮೂವತ್ತಾರು ವರ್ಷ ಊರಿಗೆಲ್ಲಾ ತೂಕ ಸರಿಮಾಡಿದೋರು."

"ಎಲ್ಲಾ ಸರಿ ಅಮ್ಮಾ. ನಾನು ಮನೇಲಿ ಒಂದು ಮಾತು ಕೇಳಿ..."

"ಏನು ಕೇಳೋದು? ತಗೊಂಡು ಹೋಗಿ ತೋರಿಸಿ! ಬೀಗ ಕೊಡ್ಲಾ?"

ಬೀಗದ ಕೈ ಅಂದ ಕೂಡಲೇ ಭಾವನ ಮುಖದ ಖುಷಿಯೆಲ್ಲ ಇಳಿದುಹೋಯಿತು. ನನ್ನ ಕಡೆ ನೋಡಿದರು. ಟೈರಿನ ಮೇಲೆ ಕೂತಾಗಿನ ಅದೇ ಮುಖ. ಅಕ್ಕ ಸೆರಗಿನ ಗಂಟಿನಿಂದ ಬೀಗದ ಕೈ ಬಿಚ್ಚುತ್ತಿದ್ದಳು. ಕನ್ನಡಕದಂಗಡಿಯವರು ಗಾಡಿಯನ್ನೊಮ್ಮೆ, ಗೇಟನ್ನೊಮ್ಮೆ ನೋಡುತ್ತಾ ನಡುವೆ ನಿಂತಿದ್ದರು. ಮರ್ಯಾದಸ್ಥರು, ಹೆಂಗಸೊಬ್ಬರು ಕೈಗೆ ಕೊಟ್ಟರೆ ಬೇಡ ಎನ್ನಲು ಆಗದೆ ತೆಗೆದುಕೊಂಡುಬಿಡುತ್ತಾರೋ ಏನೋ. ಅವರಿಗೆ ಇನ್ನೊಂದು ಸ್ವಲ್ಪ ಹೊಗಳಿಕೆ ಬೇಕಿತ್ತು, ಅಷ್ಟೇ.

ನಾನು ಅಕ್ಕನಿಗೂ ಅವರಿಗೂ ನಡುವೆ ಹೋಗಿ ನಿಂತೆ. ಅವರ ಭುಜದ ಮೇಲೆ ಕೈ ಹಾಕಿದೆ.

"ಸಾರ್, ಈ ಗಾಡಿ ನಿಮಗೇ ಮಾಡಿಸಿದ ಹಾಗಿದೆ!"

ಭುಜ ಕೈಯಡಿಯಿಂದ ಜಾರಿತು. ಅವರು ಗೇಟಿನ ಕಡೆ ತಿರುಗಿದರು. ಮೊದಲು ಮೆಲ್ಲಗೆ, ಅಂಗಳದ ನಡುವೆ ಸ್ವಲ್ಪ ಬೇಗ.

"ಯಾಕೆ ಹೊರಟ್ರಿ? ಇವನು ಹೇಳೋದು ಇನ್ನೂ ಮುಗಿದಿಲ್ಲ!" ಅಕ್ಕ ಕೂಗಿದಳು. ನನ್ನ ಬೆನ್ನಿಗೆ ಮೊಳಕೈಯಿಂದ ತಿವಿದಳು. "ಹೇಳೋ, ಹೇಳೋ! ಸುಮ್ನೆ ನಿಂತಿದ್ದೀಯಲ್ಲ!"

ಅಕ್ಕನ ಮಾತನ್ನು ನಾನು ಯಾವತ್ತಾದರೂ ಮೀರಿದ್ದೇನೆಯೇ? ದನಿ ಏರಿಸಿ ಅವರ ಹಿಂದೆಯೇ ನಡೆದೆ.

"ಸಾರ್, ಒಂದು ನಿಮಿಷ! ಇದರ ಟರ್ಬೊ ಒಂದು ಸಲ ಏನಾಯ್ತು ಅಂತ ಕೇಳಿಸ್ಕೊಂಡು ಹೋಗಿ. ನಮ್ಮ ಭಾವ ಇಂಜಿನ್ ಆಫ್ ಮಾಡಿದ್ರು, ಬೀಗ ತೆಗೆದ್ರು, ಒಳಗೆ ಹೋಗಿ ಮಲಗಿದ್ರು. ಟರ್ಬೊ ಮಾತ್ರ ಸುತ್ತೋದು ನಿಲ್ಲಿಸ್ಲೇ ಇಲ್ಲ. ಮೂರು ದಿನ, ಮೂರು ರಾತ್ರಿ! ಆ ಗಾಳಿಗೆ ಎದುರುಮನೆಯವರು ಒಣಹಾಕಿದ್ದ ಬಟ್ಟೆ ಎಲ್ಲಾ ತಾವಾಗಿ ಮಡಚ್ಕೊಂಡು ಬೀರು ಸೇರಿದ್ವು. ನಾಲ್ಕನೇ ದಿನ ನಾನು ಬಂದು ಬಾನೆಟ್ ಎತ್ತಿ, ಪೈಪು ಬಿಚ್ಚಿ, ಒಳಗೆ ಕೈ ಹಾಕಿ ನೋಡ್ತೀನಿ, ಅದರ ರೆಕ್ಕೆಗಳ ಮಧ್ಯೆ